ಸುರಂಗ ಇದ್ದ ಜಾಗದಲ್ಲಿ

ನನ್ನ ಮಗಳು ಜಪಾನಿನ ಕಾಮಿಕ್ಸ್ ಪುಸ್ತಕ ಓದಿ ಅಳುತ್ತಿದ್ದಳು. ಡೊಂಬಿವಲಿಯ ನಮ್ಮ ಮನೆಯಲ್ಲಿ ಕುಕ್ಕರ್ ಒಂದೇ ಸಮ ಕೂಗುತ್ತಿದೆ, ಹನ್ನೊಂದನೇ ಕ್ಲಾಸಿನ ಹುಡುಗಿ ಅಡುಗೆಮನೆಯ ಬಾಗಿಲಿಗೆ ಒರಗಿ ಮೂಗು ಒರೆಸಿಕೊಳ್ಳುತ್ತಿದ್ದಾಳೆ. ಏನೋ ಪ್ರೇಮದ ವ್ಯವಹಾರವೆಂದು ನನ್ನ ಎದೆ ಧಸಕ್ಕೆಂದಿತು. ಕೇಳಿದರೆ, ಕಥೆಯಲ್ಲಿ ಶಾಲೆಯ ಮಕ್ಕಳು ಸೇರಿ ಕೊಟೊ ಎಂಬ ಹಳೆಯ ತಂತಿವಾದ್ಯ ನುಡಿಸಿದರಂತೆ. ಅದಕ್ಕೆ ಈ ಅಳು.

ನನಗೆ ಮೈಯೆಲ್ಲ ಉರಿಯಿತು. ಕಾರಣವಿದೆ. ಬೆಳಗಿನ ಫಾಸ್ಟ್ ಲೋಕಲ್‌ನ ಲೇಡೀಸ್ ಡಬ್ಬಿಯಲ್ಲಿ ಭಜನೆ ಮಾಡುವ ಗುಂಪಿನವಳು ನಾನು. ಡೊಂಬಿವಲಿಯಲ್ಲಿ ಹತ್ತಿ, ನವಿ ಮುಂಬಯಿಯ ಆಫೀಸಿಗೆ ಗಾಡಿ ಬದಲಿಸಲು ಠಾಣೆಯಲ್ಲಿ ಇಳಿಯುವ ತನಕ ನಾವೊಂದಷ್ಟು ಹೆಂಗಸರು ತಾಳ ಹಿಡಿದು ಅಭಂಗ ಹಾಡುತ್ತೇವೆ. ಉಡುಪಿ ಕಡೆಯವಳಾದ ನನ್ನ ನಾಲಿಗೆಯ ಮೇಲೆ ಮರಾಠಿಯ ವಿಠಲ ಈಗ ಸಲೀಸಾಗಿ ಹೊರಳುತ್ತಾನೆ. ಠಾಣೆಯ ಕಾಲೇಜಿಗೆ ಮಗಳೂ ಅದೇ ಡಬ್ಬಿಯಲ್ಲಿ ಬರುತ್ತಾಳೆ. ಬಂದು, ಬಾಗಿಲ ಹತ್ತಿರ ಗೆಳತಿಯ ಪಕ್ಕ, ಕಿವಿಗೆ ಇಯರ್‌ಫೋನ್ ತುರುಕಿಕೊಂಡು, ನಾನು ಯಾರೋ ಎನ್ನುವಂತೆ ಬೆನ್ನು ತಿರುಗಿಸಿ ನಿಲ್ಲುತ್ತಾಳೆ. ಜಪಾನಿನ ಮಕ್ಕಳು ಹಳೆಯ ವಾದ್ಯ ಹಿಡಿದರೆ ಕಣ್ಣೀರು, ಹೆತ್ತ ತಾಯಿ ತಾಳ ಹಿಡಿದರೆ ಮರ್ಯಾದೆಯ ಪ್ರಶ್ನೆ!

“ಅದರಲ್ಲಿ ಎಂತ ಉಂಟು ಅಂತ ನಾನೂ ನೋಡ್ತೇನೆ, ಕೊಡು ಇಲ್ಲಿ” ಎಂದು ಕಿತ್ತುಕೊಂಡೆ.

“ಬೋರ್ ಹೋಗಾ, ಮಮ್ಮಿ” ಎಂದಳು, ನನಗೆ ಬೇಜಾರು ಬರುತ್ತದಂತೆ. ನಾನು ಕನ್ನಡದಲ್ಲಿ ಏನೇ ಕೇಳಲಿ, ಅವಳ ಉತ್ತರ ಬರುವುದು ಹಿಂದಿಯಲ್ಲೇ.

ಸಂಜೆ ಆಫೀಸಿನಿಂದ ಠಾಣೆಗೆ ಮರಳುವ ಗಾಡಿಯಲ್ಲಿ ತೆರೆದೆ. ಎಡಗಡೆಯಿಂದ ಶುರುಮಾಡಿದ್ದರಿಂದ ಕಥೆ ಚಪ್ಪಾಳೆಯಿಂದ ಹೊರಟು ಜಗಳದತ್ತ ಸಾಗಿತು. ಇಂಗ್ಲಿಷಿನಲ್ಲಿದ್ದರೂ ಜಪಾನಿನ ಪುಸ್ತಕವನ್ನು ಬಲಗಡೆಯಿಂದ ಓದಬೇಕೆಂದು ಮನೆಯಲ್ಲಿ ಮಗಳು ಹೊಟ್ಟೆ ಹಿಡಿದು ನಕ್ಕಳು. ಮಾರನೇ ದಿನ ಸರಿಯಾದ ಬದಿಯಿಂದ ಹೊಕ್ಕೆ. ಮುಚ್ಚಿಹೋಗಲಿರುವ ಒಂದು ವಾದ್ಯದ ಕ್ಲಬ್ಬು. ಒಬ್ಬರಿಗೊಬ್ಬರು ಆಗದ ನಾಲ್ಕಾರು ಮಕ್ಕಳು. ಮಲಗಿಸಿಟ್ಟ ಉದ್ದನೆಯ ಮರ, ಅದರ ಮೇಲೆ ಹದಿಮೂರು ತಂತಿ. ಶ್ರುತಿಗಾಗಿ ತಂತಿಯ ಕೆಳಗೆ ಆಧಾರವಾಗಿ ನಿಲ್ಲಿಸಿದ ಪುಟ್ಟ ಕುದುರೆಗಳನ್ನು ಒಂದು ಕೂದಲೆಳೆಯಷ್ಟು ಆಚೆ ಸರಿಸುವುದು, ಈಚೆ ಸರಿಸುವುದು. ಇದರಲ್ಲಿ ಅಳುವುದಕ್ಕೇನಿದೆ ಎಂದು ಗೊಣಗುತ್ತ ಪುಟ ತಿರುವುತ್ತಿದ್ದೆ. ಆಮೇಲೆ ಒಂದು ಪುಟ ಬಂತು. ಅದರಲ್ಲಿ ಮಾತಿಲ್ಲ. ತಂತಿಯ ಮೇಲೆ ಎತ್ತಿ ಹಿಡಿದ ಕೈಗಳು ಮಾತ್ರ, ಇನ್ನೂ ಮೀಟಿಲ್ಲ.

ನಾನು ತಾಳ್ಮೆಯ ಹೆಂಗಸಲ್ಲ. ಹಾಲು ಉಕ್ಕುವವರೆಗೆ ನಿಲ್ಲಲಾರೆ, ಲಿಫ್ಟಿನ ಗುಂಡಿಯನ್ನು ಸುಮ್ಮನೆ ಒತ್ತುತ್ತಲೇ ಇರುತ್ತೇನೆ. ಆದರೂ ಆ ಪುಟ ದಾಟಲು ಕೈ ಬರಲಿಲ್ಲ. ಸದ್ದೇ ಇಲ್ಲದ ಕಾಗದ ನನ್ನ ಕಿವಿಯನ್ನು ತುಂಬಿಬಿಟ್ಟಿತ್ತು. ಪಕ್ಕದವಳ ಮೊಣಕೈ ಪಕ್ಕೆಗೆ ತಿವಿಯುತ್ತಿದ್ದರೂ ನಾನು ಆ ಕೈಗಳು ಕೆಳಗಿಳಿಯುವುದನ್ನೇ ಕಾಯುತ್ತಿದ್ದೆ.

ಆಸೆ ತಡೆಯದೆ ಫೋನಿನಲ್ಲಿ ನಿಜವಾದ ಕೊಟೊ ಹುಡುಕಿ ಕೇಳಿದೆ. ಚೆನ್ನಾಗಿತ್ತು, ಆದರೆ ಪುಸ್ತಕದಲ್ಲಿ ಕೇಳಿದ್ದಕ್ಕಿಂತ ಚಿಕ್ಕದಾಗಿತ್ತು. ಮೋಸಹೋದೆ ಎಂದು ಮಗಳ ಮುಂದೆ ಸಿಡುಕಿದಾಗ ಅವಳು ಕಣ್ಣರಳಿಸಿ, “ಮುಝೇ ಭೀ ಐಸಾ ಹೀ ಲಗಾ ಥಾ!” ಎಂದಳು. ಎಷ್ಟೋ ದಿನಗಳ ಮೇಲೆ ನಮ್ಮಿಬ್ಬರಿಗೂ ಒಂದೇ ಅನ್ನಿಸಿತ್ತು. ಖುಷಿಗೆ ಅವಳಿಗೆ ಇನ್ನೊಂದು ದೋಸೆ ಹಾಕಿದೆ.

ಆ ವಾರವೇ ನಮ್ಮ ಗುಂಪಿನಲ್ಲಿ ಹಾಡು ಎತ್ತಿಕೊಡುತ್ತಿದ್ದ, ಅಂಬರನಾಥದಿಂದ ಬರುವ ಹಿರಿಯ ಹೆಂಗಸು ನಿವೃತ್ತರಾದರು. ಇಳಿಯುವಾಗ ನನ್ನ ಕೈ ಹಿಡಿದು, “ಸೋಮವಾರ್‌ಪಾಸೂನ್ ತೂ” ಎಂದುಬಿಟ್ಟರು. ಸೋಮವಾರದಿಂದ ನೀನು! ಇಷ್ಟು ವರ್ಷ ದನಿಗೆ ದನಿ ಸೇರಿಸಿದವಳು ನಾನು, ಮುಂದೆ ನಿಂತವಳಲ್ಲ. ಶನಿವಾರ, ಭಾನುವಾರ ಮನೆಯಲ್ಲಿ ಕೂತಲ್ಲಿ ಕೂರಲಾಗಲಿಲ್ಲ. ಬಟ್ಟೆ ಮಡಚುತ್ತ ಹಾಡಿದೆ, ಬಿಚ್ಚಿ ಮತ್ತೆ ಮಡಚುತ್ತ ಹಾಡಿದೆ. ಮಗಳು ಕೇಳಿಸಿಕೊಂಡು ಮುಖ ಸಿಂಡರಿಸುತ್ತಾಳೇನೋ ಎಂಬ ಅಳುಕು ಬೇರೆ.

ಕೊನೆಗೂ ಅವಳು ರೂಮಿನಿಂದ ಹೊರಗೆ ಬಂದಳು. “ಮಮ್ಮಿ, ಲಾಸ್ಟ್ ಲೈನ್ ಮೇ ಕ್ಯೂಂ ಚಿಲ್ಲಾತೀ ಹೋ? ಟನಲ್ ಅಬ್ ಹೈ ಕಹಾಂ?”

ಕೊನೆಯ ಸಾಲಿನಲ್ಲಿ ಯಾಕೆ ಕಿರುಚುತ್ತೀ, ಸುರಂಗ ಈಗ ಎಲ್ಲಿದೆ ಎಂದು ಕೇಳಿದರೆ ನಾನು ದಂಗಾದೆ. ಮೊದಲು ಫಾಸ್ಟ್ ಲೋಕಲ್ ಮುಂಬ್ರಾ ದಾಟಿ, ಕಳವಾ ಬರುವ ಮುಂಚೆ ಗುಡ್ಡದೊಳಗಿನ ಸುರಂಗಕ್ಕೆ ನುಗ್ಗುತ್ತಿತ್ತು. ಗಾಡಿಯ ಅಬ್ಬರವನ್ನು ಮೀರಿಸಲು ಎಲ್ಲರೂ ಕೊನೆಯ ಸಾಲನ್ನು ಅಲ್ಲಿ ಗಂಟಲು ಹರಿಯುವಂತೆ ಎತ್ತುವುದು ನಮ್ಮ ಪದ್ಧತಿ. ಈಗ ನಮ್ಮ ಗಾಡಿಗಳಿಗೆ ಬೇರೆ ಹಳಿ ಹಾಕಿದ್ದಾರೆ, ಬಯಲಿನಲ್ಲೇ ಹೋಗುತ್ತೇವೆ. ಸುರಂಗ ತಪ್ಪಿತು, ಕೂಗು ಹಾಗೇ ಉಳಿಯಿತು. ಅದು ನಮ್ಮಲ್ಲಿ ಒಬ್ಬಳಿಗೂ ಹೊಳೆದಿರಲಿಲ್ಲ.

“ಚಿಕ್ಕವಳಿರುವಾಗ ಆ ಸುರಂಗ ಬಂದ್ರೆ ನನ್ನ ಸೆರಗಲ್ಲಿ ಅಡಗಿ ಅಳ್ತಿದ್ದೆ. ಕತ್ತಲೆ ಅಂದ್ರೆ ಅಷ್ಟು ಹೆದರಿಕೆ ನಿಂಗೆ” ಎಂದು ಮಾತು ತೇಲಿಸಲು ನೋಡಿದೆ.

“ಅಂಧೇರಾ ಅಲ್ಲ” ಎಂದಳು. ಅಪರೂಪಕ್ಕೆ ಕನ್ನಡ ಹುಡುಕಿ ಹುಡುಕಿ ಹೇಳಿದಳು: “ಎಲ್ಲಾ ಚಿಲ್ಲಾತಿದ್ರು ನಾ, ನಿಂದು ಆವಾಜ್ ಗುಮ್ ಆಗ್ತಿತ್ತು. ಅದಕ್ಕೆ ಅಳ್ತಿದ್ದೆ.” ಆ ಕಿರುಚಾಟದಲ್ಲಿ ನನ್ನ ದನಿ ಅವಳಿಗೆ ಕಳೆದುಹೋಗುತ್ತಿತ್ತಂತೆ. ಆಮೇಲೆ ಆ ಪುಸ್ತಕ ತೆರೆದು, ಎತ್ತಿ ಹಿಡಿದ ಕೈಗಳ ಪುಟ ತೋರಿಸಿದಳು. “ಐಸೇ ಕರೋ. ಅಲ್ಲಿ ಸ್ವಲ್ಪ ರುಕೋ.” ಹೀಗೆ ಕೈ ಎತ್ತಿ ತುಸು ತಡೆದು ನಿಲ್ಲಬೇಕಂತೆ.

ಸೋಮವಾರ ತಾಳ ಹಿಡಿದು ಗುಂಪಿನ ಮುಂದೆ ನಿಂತೆ. ಮಗಳು ಎಂದಿನಂತೆ ಬಾಗಿಲಲ್ಲಿ, ಬೆನ್ನು ನನ್ನ ಕಡೆಗೆ. ಮುಂಬ್ರಾ ಹಿಂದೆ ಬಿತ್ತು. ಕೊನೆಯ ಸಾಲಿಗೆ ಎಲ್ಲರೂ ಉಸಿರು ಎಳೆದುಕೊಂಡರು. ನಾನು ಕೈ ಎತ್ತಿ, ತಾಳ ಬಡಿಯದೆ ನಿಂತುಬಿಟ್ಟೆ. ಹೆಂಗಸರು ಗಾಬರಿಯಿಂದ ನನ್ನ ಮುಖ ನೋಡಿದರು. ಆ ಸಾಲನ್ನು ಎತ್ತಿಬಿಡಬೇಕೆಂದು ನನ್ನ ಇಡೀ ಮೈ ಹಟ ಮಾಡುತ್ತಿತ್ತು, ಕಾಲಬೆರಳು ಚಪ್ಪಲಿಯೊಳಗೆ ಕುಣಿಯುತ್ತಿತ್ತು. ಡಬ್ಬಿಯಲ್ಲಿ ಗಾಲಿಯ ಸದ್ದು ಬಿಟ್ಟರೆ ಬೇರೇನಿಲ್ಲ. ಆದ್ದರಿಂದಲೇ ಬಾಗಿಲ ಬಳಿಯ ಪಿಸುಮಾತು ಕೇಳಿಸಿತು.

ಆ ಆಂಟಿ ಹಾಡು ಮರೆತರಾ ಎಂದು ಗೆಳತಿ ಕೇಳುತ್ತಿದ್ದಳು.

“ಭೂಲೀ ನಹೀ, ರುಕೀ ಹೈ” ಎಂದಳು ನನ್ನ ಮಗಳು. ಮರೆತಿಲ್ಲ, ನಿಂತಿದ್ದಾಳೆ. ಕಿವಿಯಿಂದ ಇಯರ್‌ಫೋನ್ ಕಿತ್ತು, ಈ ಕಡೆ ತಿರುಗಿದಳು. “ಮೇರೀ ಮಮ್ಮಿ ಹೈ ವೋ. ಅಬ್ ಸುನ್.” ನನ್ನಮ್ಮ ಅವಳು, ಈಗ ಕೇಳು.

ತಾಳ ಬಡಿದು, ಕೂಗದೆ, ಅವಳಿಗೆ ಕೇಳಿಸುವಷ್ಟೇ ದನಿಯಲ್ಲಿ ಕೊನೆಯ ಸಾಲು ಎತ್ತಿದೆ.