ಚಕ್ರ ಸಿಸ್ಟರ್ ಹೊರಗೆ ನಿಂತ ಮಧ್ಯಾಹ್ನ

ಆಸ್ಪತ್ರೆಯಲ್ಲಿ ಅವಳನ್ನು ಎಲ್ಲರೂ ಕರೆಯುವುದು ಚಕ್ರ ಸಿಸ್ಟರ್ ಎಂದೇ. ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವಳು. ಊಟವನ್ನೂ ನಿಂತೇ ಮುಗಿಸುತ್ತಾಳೆ. ಮನೆಯಲ್ಲಿ ಗಂಡ ಪೇಪರ್ ಓದುತ್ತ ಕೂತಿದ್ದರೆ ಅವನನ್ನು ಕುರ್ಚಿ ಸಮೇತ ಸರಿಸಿ ಕಸ ಗುಡಿಸುತ್ತಾಳೆ. ಇಂಥವಳನ್ನು ದೇವರು ತಂದು ಹಾಕಿದ್ದು ಅಲುಗಾಡದೆ ನಿಲ್ಲಬೇಕಾದ ಕೆಲಸಕ್ಕೆ.

ಅವಳಿರುವ ಕೋಣೆಯಲ್ಲಿ ಡಾಕ್ಟರು ಹೊಟ್ಟೆ ಕೊಯ್ಯುವುದಿಲ್ಲ. ತೊಡೆಸಂದಿಯ ರಕ್ತನಾಳಕ್ಕೆ ದಾರದಂಥ ನಳಿಕೆ ತೂರಿಸಿ, ಎಕ್ಸ್‌ರೇ ಪರದೆ ನೋಡುತ್ತ ಗರ್ಭಕೋಶದವರೆಗೆ ನಡೆಸಿ, ಸೋರುವ ನಾಳವನ್ನು ಒಳಗಿನಿಂದಲೇ ಮುಚ್ಚುತ್ತಾರೆ. ಹೆರಿಗೆಯಾಗಿ ರಕ್ತ ನಿಲ್ಲದ ಎಷ್ಟೋ ಬಾಣಂತಿಯರು ಗರ್ಭಕೋಶ ಉಳಿಸಿಕೊಂಡು ಅಲ್ಲಿಂದ ಹೋಗಿದ್ದಾರೆ. ಕೊನೆಗೆ ನಳಿಕೆ ತೆಗೆದ ಜಾಗವನ್ನು, ರಕ್ತ ಚಿಮ್ಮದಂತೆ, ಹದಿನೈದಿಪ್ಪತ್ತು ನಿಮಿಷ ಬೆರಳಿಂದ ಒತ್ತಿ ಹಿಡಿಯುವುದು ಅವಳ ಪಾಲು. ಹೆರಿಗೆ ವಾರ್ಡಿನವರ ಮೇಲೆ ಅವಳಿಗೆ ಸದಾ ಸಿಟ್ಟು. "ಎಲ್ಲಾ ಮುಗಿದ್ಮೇಲೆ ನಮ್ಮನ್ನ ಕರೀತಾರೆ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡೋರು!"

ಆ ಮಧ್ಯಾಹ್ನ ವಾರ್ಡಿನವರು ಬೇಗನೇ ಕರೆದರು. ಸ್ಟ್ರೆಚರ್ ಮೇಲೆ ಬಂದವಳು ಅವಳ ಸ್ವಂತ ತಂಗಿ. ಚೊಚ್ಚಲ ಹೆರಿಗೆ. ಯಾವ ಔಷಧಿಗೂ ರಕ್ತ ಜಗ್ಗಿರಲಿಲ್ಲ. ಇಲ್ಲಿಯೂ ನಿಲ್ಲದಿದ್ದರೆ ಪಕ್ಕದ ಆಪರೇಷನ್ ಥಿಯೇಟರಿನಲ್ಲಿ ಗರ್ಭಕೋಶ ತೆಗೆಯಬೇಕು. ತಡವಾದರೆ ಜೀವಕ್ಕೇ ಅಪಾಯ.

"ನೀವು ಹೊರಗಿರಿ ಸಿಸ್ಟರ್," ಎಂದರು ಡಾಕ್ಟರು. "ಸ್ವಂತ ತಂಗಿ ಅಂದ್ಮೇಲೆ ನೀವಿಲ್ಲಿ ಬೇಡ."

ಹೊರಗೆ ಬೆಂಚಿನ ಮೇಲೆ ತಂಗಿಯ ಗಂಡ ಮುದುಡಿ ಕೂತಿದ್ದ. "ಏನೂ ಆಗಲ್ಲ, ಕೂತ್ಕೊಳ್ಳಿ" ಎಂದು ದಿನಾ ಮಂದಿಗೆ ಹೇಳುವವಳ ಬಾಯಿಗೆ ಇವತ್ತು ಆ ಮಾತು ಬರಲಿಲ್ಲ. ಬಾಗಿಲಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ ತಿರುಗಿದಳು.

"ಅಕ್ಕಾ, ಒಳಗೇನ್ ನಡೀತಿದೆ?"

"ನಂಗೇನ್ ಗೊತ್ತು!" ಎಂದು ಸಿಡುಕಿದಳು. ಗೊತ್ತಿದ್ದದ್ದೇ ಅವಳ ಕಷ್ಟ. ಯಂತ್ರದ ಒಂದೊಂದು ಸದ್ದಿಗೂ ಒಳಗೆ ಏನಾಗುತ್ತಿದೆ ಎಂದು ಲೆಕ್ಕ ಹಾಕುತ್ತಿದ್ದಳು. ಥಟ್ಟನೆ ಸದ್ದು ನಿಂತಿತು. ಅದೇ ಹೊತ್ತಿಗೆ ಥಿಯೇಟರಿನ ಕಡೆಯಿಂದ ಖಾಲಿ ಸ್ಟ್ರೆಚರ್ ಬಂದು ಬಾಗಿಲ ಮುಂದೆ ನಿಂತಿತು. ಅದಕ್ಕೆ ಅರ್ಥ ಒಂದೇ ಎಂದು ಅವಳಿಗನಿಸಿತು.

"ಗರ್ಭಕೋಶ ತೆಗೀತಾರೆ ಕಣಪ್ಪಾ. ಇನ್ನು ಮಕ್ಕಳಾಗಲ್ಲ ಅವಳಿಗೆ," ಎಂದು ಗೋಡೆಗೆ ಹಣೆಯಿಟ್ಟು ಅತ್ತಳು.

ಅವನು ತಲೆಯೆತ್ತಿದ. "ಅವಳು ಇರ್ತಾಳಲ್ವಾ ಅಕ್ಕಾ? ನಂಗಷ್ಟು ಸಾಕು."

ಬಾಗಿಲು ತೆರೆಯಿತು. "ಸ್ಟ್ರೆಚರ್ ಯಾತಕ್ಕೂ ಇರ್ಲಿ ಅಂತ ಹೇಳಿದ್ದೆ, ಬೇಡ, ವಾಪಸ್ ಒಯ್ಯಿ," ಎಂದರು ಡಾಕ್ಟರು, ಸ್ಟ್ರೆಚರ್ ತಂದವನಿಗೆ. "ರಕ್ತ ನಿಂತಿತು ಸಿಸ್ಟರ್. ಗರ್ಭಕೋಶನೂ ಉಳೀತು. ಅಳು ಆಮೇಲೆ. ಬನ್ನಿ, ಒತ್ತಿ ಹಿಡೀರಿ."

ಕೈ ತೊಳೆದು, ಗ್ಲೌಸ್ ಹಾಕಿಕೊಂಡು, ತಂಗಿಯ ತೊಡೆಸಂದಿಯ ಮೇಲೆ ಬೆರಳಿಟ್ಟು ಒತ್ತಿದಳು. ಬೆರಳ ಕೆಳಗೆ ನಾಡಿ ಹೊಡೆದುಕೊಳ್ಳುತ್ತಿತ್ತು. ತಂಗಿ ಕಣ್ಣು ಬಿಟ್ಟಳು.

"ಅಕ್ಕಾ, ಮಗು ಎಲ್ಲಿ?"

ಇಷ್ಟು ಹೊತ್ತು ಅಕ್ಕನಾಗಲಿ, ಆ ಮಗುವಿನ ಅಪ್ಪನಾಗಲಿ, ಅದನ್ನು ಒಮ್ಮೆಯೂ ನೆನೆಸಿರಲಿಲ್ಲ. ಕೆಳಗಿನ ವಾರ್ಡಿನಲ್ಲಿ ಯಾರ ತೋಳಲ್ಲಿದೆಯೋ, ಹಸಿದು ಅಳುತ್ತಿದೆಯೋ. ಕಾಲು ತಾನಾಗಿ ಬಾಗಿಲ ಕಡೆ ಹೊರಳಿತು, ಆದರೆ ಬೆರಳು ತೆಗೆಯುವಂತಿರಲಿಲ್ಲ.

"ಏನಪ್ಪಾ!" ಎಂದು ಹೊರಗಿನವನಿಗೆ ಕೇಳುವಂತೆ ಕೂಗಿದಳು. "ಅಲ್ಲೇ ಬೇರು ಬಿಟ್ಟಿದ್ದೀಯಾ? ಓಡು! ಮಗು ನೋಡ್ಕೊಂಡು ಬಾ!"

ಅವನು ವಾಪಸ್ ಬರುವವರೆಗೂ ಅಕ್ಕ ತಂಗಿ ಇಬ್ಬರೂ ಬಾಗಿಲನ್ನೇ ನೋಡುತ್ತಿದ್ದರು.