ಕೈ ಬದಲಾಯಿಸಿದ ಡಬ್ಬಿ

ಸೋಯಾ ಪನೀರ್ ಕಬ್ಬಿಣದ ಬಾಣಲೆಯಲ್ಲಿ ಕೆಂಪಾಗುವಾಗ ಹುರಿದ ಅವರೆಕಾಳಿನಂಥ ಒಂದು ವಾಸನೆ ಬರುತ್ತದೆ. ಮೊನ್ನೆ ಬೆಳಿಗ್ಗೆ ಆ ವಾಸನೆಗೆ ನನಗೆ ಹಸಿವಾಗಲಿಲ್ಲ, ಸಿಟ್ಟು ಬಂತು. ಗಾರ್ಮೆಂಟ್ಸ್‌ನ ಸೂಪರ್‌ವೈಸರಮ್ಮ ನೆನಪಾದರು. ಹತ್ತು ವರ್ಷವಾದರೂ ಆ ಹೆಂಗಸಿನ ಮೇಲಿನ ಸಿಟ್ಟು ಆರಿಲ್ಲ, ಆರಲಿ ಎಂಬ ಆಸೆಯೂ ನನಗಿಲ್ಲ.

ಆಗ ನಾನು ಚಾಂಪಿಯನ್ ರೀಫ್ಸ್‌ನಿಂದ ಮುಂಜಾನೆಯ ರೈಲಿನಲ್ಲಿ ವೈಟ್‌ಫೀಲ್ಡ್ ಕಡೆಯ ಗಾರ್ಮೆಂಟ್ಸ್‌ಗೆ ಹೋಗುತ್ತಿದ್ದೆ. ಅಪ್ಪ ಅಲ್ಲಿನ ಚಿನ್ನದ ಗಣಿಯಲ್ಲಿದ್ದವರು, ಗಣಿ ಮುಚ್ಚಿದ ಮೇಲೂ ನಾವು ಕಾರ್ಮಿಕರ ಅದೇ ಲೈನ್ ಮನೆಯಲ್ಲಿದ್ದೆವು. ಕಾಮಸಮುದ್ರದ ಗೆಳತಿಯೊಬ್ಬಳು ಬಸ್ಸಿನಲ್ಲಿ ಬಂದು ಬಂಗಾರಪೇಟೆಯಲ್ಲಿ ರೈಲು ಹತ್ತುತ್ತಿದ್ದಳು, ಸೂಪರ್‌ವೈಸರಮ್ಮ ಮಾಲೂರಿನಲ್ಲಿ. ಮಾಲೂರು ದಾಟಿದ ಮೇಲೆ ಹೆಂಗಸರೆಲ್ಲ ತಿಂಡಿ ಡಬ್ಬಿ ತೆರೆಯುತ್ತಿದ್ದೆವು. ಡಬ್ಬಿಗಳು ಕೈಯಿಂದ ಕೈಗೆ ಸುತ್ತು ಬರಬೇಕು, ಪ್ರತಿ ಡಬ್ಬಿಯಿಂದಲೂ ಎಲ್ಲರೂ ಒಂದು ಚಮಚವಾದರೂ ತೆಗೆದುಕೊಳ್ಳಬೇಕು. ಅದು ನಮ್ಮ ಬೋಗಿಯ ಪದ್ಧತಿ.

ನಾನು ಮೊದಲ ಸಲ ಡಬ್ಬಿ ಚಾಚಿದ ದಿನ ಸೂಪರ್‌ವೈಸರಮ್ಮ ಅದನ್ನು ಮುಟ್ಟಲೇ ಇಲ್ಲ.

“ನಂಗ್ ಬ್ಯಾಡಮ್ಮ. ಲೈನ್ ಮನೆಯವ್ರ ಕೈ ಅಡ್ಗೆ ನಮ್ಗೆ ಒಗ್ಗಲ್ಲ” ಅಂದರು, ಎಲ್ಲರೆದುರು, ನಗುತ್ತಲೇ.

ಒಳಗೆ ಏನಿದೆ ಎಂದು ಕೂಡ ನೋಡಿರಲಿಲ್ಲ. ಪಕ್ಕದವಳು ಡಬ್ಬಿಯನ್ನು ಹಾಗೇ ನನಗೆ ವಾಪಸು ಕೊಟ್ಟಳು... ಮಿಕ್ಕವರು ಎಲ್ಲಿ ನೋಡಿದರೋ, ನಾನು ತಲೆ ಎತ್ತಲಿಲ್ಲ.

ಗೆಳತಿಗೆ ತಡೆಯಲಾಗಲಿಲ್ಲ. ಮಾಲೂರು ಬರುವ ಮೊದಲೇ ಡಬ್ಬಿ ಬದಲಾಯಿಸಿಕೊಳ್ಳೋಣ, ನಿನ್ನ ಅಡುಗೆ ಎಲ್ಲರ ಬಾಯಿಗೂ ಹೋಗಲಿ ಎಂದಳು. ಅವಳದು ಬರೀ ಮರುಕ. ನನ್ನ ಮನಸ್ಸಿನಲ್ಲಿದ್ದುದು ಬೇರೆ, ಅದನ್ನು ಅವಳಿಗೆ ಹೇಳಲಿಲ್ಲ.

ಅಂದಿನಿಂದ ಹಟ ಹಿಡಿದು ಅಡುಗೆ ಮಾಡಿದೆ. ಸೋಯಾ ಪನೀರನ್ನು ಬಟ್ಟೆಯಲ್ಲಿ ಸುತ್ತಿ, ಕುಟ್ಟಾಣಿ ಹೇರಿ, ನೀರು ಬಸಿಯುತ್ತಿದ್ದೆ. ತುಂಡುಗಳನ್ನು ಕಾದ ಬಾಣಲೆಗೆ ಹಾಕಿ ಸುಮ್ಮನಿರಬೇಕು; ಅವಸರಪಟ್ಟು ತಿರುವಿದರೆ ಪುಡಿಯಾಗುತ್ತದೆ, ತಳ ಕೆಂಪಾದರೆ ತಾನೇ ಬಿಡುತ್ತದೆ. ಆಮೇಲೆ ಬೆಳ್ಳುಳ್ಳಿ, ಈರುಳ್ಳಿ, ಕ್ಯಾರೆಟ್, ದಪ್ಪ ಮೆಣಸಿನಕಾಯಿ, ಜೋರು ಉರಿ, ಕೊನೆಗೆ ಕುಟ್ಟಿದ ಮೆಣಸು. ಹತ್ತು ನಿಮಿಷದ ಕೆಲಸ. ಗೆಳತಿಯ ಡಬ್ಬಿ ಎಂದುಕೊಂಡು ಸೂಪರ್‌ವೈಸರಮ್ಮ ಮೊದಲ ದಿನ ಒಂದು ಚಮಚ ತಿಂದರು, ವಾರದೊಳಗೆ ಮೂರು. ನಾನು ಕಿಟಕಿ ಕಡೆ ಮುಖ ಮಾಡಿ ಒಳಗೊಳಗೇ ಕುಣಿದೆ. ಇನ್ನೂ ತಿನ್ನಲಿ, ಚೆನ್ನಾಗಿ ರುಚಿ ಹತ್ತಲಿ ಎಂದು ಎರಡು ತಿಂಗಳು ಕಾದೆ.

ಒಂದು ದಿನ ಅವರು ಬಾಯಿ ತುಂಬ ತುತ್ತಿಟ್ಟುಕೊಂಡು ಗೆಳತಿಯ ಕೈರುಚಿಯನ್ನು ಹೊಗಳಿದರು. ತಮ್ಮ ಮಗಳಿಗೂ ಕಲಿಸಿಕೊಡು ಎಂದರು.

“ಮೇಡಂ, ಅದು ನಾನ್ ಮಾಡಿದ್ದು. ಎರಡ್ ತಿಂಗ್ಳಿಂದ ನೀವ್ ತಿಂತಿರೋದು ಲೈನ್ ಮನೆ ಅಡ್ಗೇನೇ” ಅಂದೆ.

ಅವರಿಗೆ ಉಗುಳಲೂ ಆಗಲಿಲ್ಲ, ನುಂಗಲೂ ಆಗಲಿಲ್ಲ. ಆ ಮುಖ ನೋಡಿ ನನ್ನ ಹೊಟ್ಟೆ ತಣ್ಣಗಾಯಿತು. ಆದರೆ ಅವರು ದಿಟ್ಟಿಸಿದ್ದು ನನ್ನನ್ನಲ್ಲ, ಗೆಳತಿಯನ್ನು.

ಗಾರ್ಮೆಂಟ್ಸ್‌ನಲ್ಲಿ ನಾನು ಬೇರೆ ಮಹಡಿಯವಳು, ನನ್ನನ್ನು ಅವರು ಏನೂ ಮಾಡುವಂತಿರಲಿಲ್ಲ. ಗೆಳತಿ ಅವರ ಕೈಕೆಳಗೇ ಹೊಲಿಯುತ್ತಿದ್ದಳು. ವಾರದಲ್ಲಿ ಹೊಲಿಗೆ ಸರಿಯಿಲ್ಲವೆಂದು ಅವಳನ್ನು ಕೆಲಸದಿಂದ ಬಿಡಿಸಿದರು. ಅವಳ ಮನೆ ನಡೆಯುತ್ತಿದ್ದುದೇ ಆ ಸಂಬಳದಲ್ಲಿ. ಸುದ್ದಿ ಕೇಳಿ ಕಾಮಸಮುದ್ರಕ್ಕೆ ಓಡಿದೆ. ಹಸುವಿಗೆ ಹುಲ್ಲು ಹಾಕುತ್ತಿದ್ದವಳು ನನ್ನತ್ತ ತಿರುಗಲಿಲ್ಲ.

“ಬಾಯ್ ಬಿಡಾಕ್ ಮುಂಚೆ ನನ್ನೊಂದ್ ಮಾತ್ ಕೇಳ್ಬೇಕಿತ್ತು ಕಣೇ” ಅಂದಳು. ಇನ್ನೊಂದು ಹಿಡಿ ಹುಲ್ಲು ಹಾಕಿ, “ಓಗು, ಬಸ್ ತಪ್ಪೋಯ್ತದೆ.”

ಸೂಪರ್‌ವೈಸರಮ್ಮ ಹೋದ ವರ್ಷ ತೀರಿಕೊಂಡರಂತೆ. ನನಗೆ ಅಳು ಬರಲಿಲ್ಲ; ಇನ್ನೊಮ್ಮೆ ಆ ಮುಖವನ್ನು ಹಾಗೆ ನೋಡಲಾಗಲಿಲ್ಲವಲ್ಲ ಎನಿಸಿತು, ಅಷ್ಟೇ. ಗೆಳತಿ ಆಗಾಗ ಬಂಗಾರಪೇಟೆ ಸಂತೆಯಲ್ಲಿ ಕಾಣುತ್ತಾಳೆ. ನನ್ನನ್ನು ಕಂಡರೆ ಆಚೆ ಸಾಲಿಗೆ ಹೋಗಿಬಿಡುತ್ತಾಳೆ. ನಾನೂ ಕರೆಯುವುದಿಲ್ಲ. ಅವತ್ತು ಬಾಯಿ ಬಿಟ್ಟಿದ್ದಕ್ಕೆ ನನಗೆ ಇಂದಿಗೂ ಪಶ್ಚಾತ್ತಾಪವಿಲ್ಲ, ಅದು ಅವಳಿಗೆ ಗೊತ್ತು.