ಎಂಟು ಬೀಟಿನ ಖಾಲಿ

ನಮ್ಮ ಮೊದಲ ಟ್ರ್ಯಾಕಿನ ನಡುವೆ ಎಂಟು ಬೀಟು ಏನೂ ಇಲ್ಲ. ಡ್ರಮ್ ಇಲ್ಲ, ಬೇಸ್ ಇಲ್ಲ, ರ‍್ಯಾಪ್ ಮಾಡುವವನ ಉಸಿರೂ ಇಲ್ಲ. ಜನ ಅದನ್ನು ಎರೆಹೊಲದ ಮೌನ ಎನ್ನುತ್ತಾರೆ. ಬೈಲಹೊಂಗಲದವನೊಬ್ಬ, ಸವದತ್ತಿಯವನೊಬ್ಬ, ಇಬ್ಬರೂ ಕೂಡಿ ತಮ್ಮ ಸೀಮೆಯ ಮೌನವನ್ನು ಹಿಪ್‌ಹಾಪ್‌ಗೆ ತಂದರು ಅಂತ ಪಾಡ್‌ಕಾಸ್ಟಿನವರೊಬ್ಬರು ಮೊದಲು ಹೇಳಿದರು. ಆಮೇಲೆ ಬಂದವರೆಲ್ಲ ಅದನ್ನೇ ಹೇಳಿದರು.

ನನ್ನ ಮೊದಲ ಆಕ್ಷೇಪ: ಎರೆಹೊಲದಲ್ಲಿ ಮೌನ ಎಲ್ಲಿದೆ? ಒಂದು ತಾಸು ಅಲ್ಲಿ ನಿಂತವರು ಈ ಮಾತು ಆಡುವುದಿಲ್ಲ. ಪಂಪ್‌ಸೆಟ್ಟು, ಟ್ರ್ಯಾಕ್ಟರಿಗೆ ಕಟ್ಟಿದ ಸ್ಪೀಕರು, ಈ ಬದುವಿನಿಂದ ಆ ಬದುವಿಗೆ ಕೂಗಿ ಮಾತಾಡುವ ಮಂದಿ. ಎರಡನೆಯದು: ಆ ಖಾಲಿಯನ್ನು ನಾವು ಎಲ್ಲಿಂದಲೂ ತರಲಿಲ್ಲ. ಅಲ್ಲಿ ಏನೋ ಇತ್ತು. ನಾನು ಅಳಿಸಿದೆ.

ಸವದತ್ತಿಯವನು ನನಗೆ ಸಿಕ್ಕದ್ದು ಕಿತ್ತೂರಿನಲ್ಲಿ, ಕಾಲೇಜುಗಳ ಚರ್ಚಾ ಸ್ಪರ್ಧೆಯಲ್ಲಿ. ನಾನು ವಿಷಯದ ವಿರುದ್ಧ ಮಾತಾಡಿದವನು, ಅವನು ಮೈಕ್‌ಸೆಟ್ಟಿನವನು. ಬಹುಮಾನ ಹಿಡಿದು ಇಳಿದು ಬಂದರೆ, ವೈರು ಸುತ್ತುತ್ತ ಹೇಳಿದ: "ಮಾತು ಸುಮಾರ ಅದಾವ್ರಿ. ನಡುನಡುವ ನಿಂತೀರಲ್ಲ, ಅದು ಚಲೋ ಐತಿ." ಸಿಟ್ಟು ಬಂತು. ತಿಂಗಳೊಪ್ಪತ್ತಿನಲ್ಲಿ ಇಬ್ಬರೂ ಕೂಡಿ ಟ್ರ್ಯಾಕ್ ಮಾಡುತ್ತಿದ್ದೆವು. ಮಾತಿನಲ್ಲಿ 'ರಿ' ಬಿದ್ದುಹೋಗಿತ್ತು.

ಅವನಿಗೆ ಹಾಕುವುದು ಗೊತ್ತು, ನನಗೆ ತೆಗೆಯುವುದು. ಪತ್ರಾಸಿನ ತಗಡಿನ ಮೇಲೆ ಸುರಿದ ಕಾಳು, ರಾಮದುರ್ಗದ ಮಗ್ಗದ ಸಪ್ಪಳ, ಬಸ್ಸಿನ ಬಾಗಿಲು ಬಡಿದದ್ದು, ಸಿಕ್ಕಿದ್ದೆಲ್ಲ ಅವನಿಗೆ ಬೇಕು. ಅಷ್ಟು ದೊಡ್ಡ ಫೈಲು ಕಳಿಸಲು ನಮ್ಮ ಫೋನಿನ ದಿನದ ನೆಟ್ಟು ಸಾಲುತ್ತಿರಲಿಲ್ಲ. ಅದಕ್ಕೆ ಪೆನ್‌ಡ್ರೈವನ್ನು ಸುಣ್ಣದ ಡಬ್ಬಿಯಲ್ಲಿಟ್ಟು ಬಸ್ಸಿನ ಕಂಡಕ್ಟರ್ ಕೈಗೆ ಕೊಡುತ್ತಿದ್ದೆವು. ಆತನಿಗೆ ಎಲೆಅಡಿಕೆಯ ಚಟ. ಒಮ್ಮೆಯಾದರೂ ಇದರಾಗ ಸುಣ್ಣಾ ಹಾಕಿ ಕಳಸ್ರೋ ಅಂತ ಪ್ರತಿಸಲ ಅನ್ನುತ್ತಿದ್ದ.

ನಿಯಮ ಎರಡು. ಡಬ್ಬಿ ಕೈಗೆ ಬಂದಾಗ ಒಂದೇ ಬದಲಾವಣೆ ಮಾಡಿ ತಿರುಗಿ ಕಳಿಸಬೇಕು. ಇದು ಅವನದು. ಯಾರೂ ನಕಲು ಇಟ್ಟುಕೊಳ್ಳಬಾರದು. ಇದು ನನ್ನದು. ನಕಲು ಇದ್ದರೆ ಅಳಿಸಿದ್ದು ಅಳಿಸಿದ್ದಲ್ಲ, ಬಚ್ಚಿಟ್ಟದ್ದು ಎಂದು ವಾದ ಹೂಡಿದ್ದೆ. ಅವನು ಸುಮ್ಮನಾದ. ಎದುರಿನವ ಸುಮ್ಮನಾದರೆ ಗೆದ್ದೆವೆಂದೇ ನಮಗೆ ಕಲಿಸಿರುತ್ತಾರೆ.

ಅವನ ತಂದೆ ಮದುವೆ ಬ್ಯಾಂಡಿನಲ್ಲಿ ಕ್ಲಾರ್ನೆಟ್ ಊದುತ್ತಿದ್ದರು. ಒಂದು ಸಲ ಡಬ್ಬಿಯಲ್ಲಿ ಚೀಟಿ ಇತ್ತು: ಅಬ್ಬಾಂದು, ಎರಡ ಸಲ ಕೇಳು. ಒಂದೇ ಸಲ ಕೇಳಿದೆ. ಮೆರವಣಿಗೆಗೆ ಹೊರಡುವ ಮುಂಚೆ, ಬ್ಯಾಂಡಿನ ಕೋಟು ತೂಗುಹಾಕಿದ ಖೋಲಿಯಲ್ಲಿ ಫೋನಿಗೆ ಊದಿದ್ದು. ಹಿಂದೆ ಯಾರೋ ಕೆಮ್ಮಿದ್ದೂ ಇತ್ತು. ಸ್ವರ ನಮ್ಮ ಬೇಸಿನ ಶ್ರುತಿಗಿಂತ ಕೂದಲೆಳೆಯಷ್ಟು ಕೆಳಗೆ. ಚೆನ್ನಾಗಿರಲಿಲ್ಲ ಅಂದರೆ ಸುಳ್ಳಾಗುತ್ತದೆ. ಆದರೆ ತಂದೆಯದು ಅನ್ನುವ ಕಾರಣಕ್ಕೆ ಉಳಿಸಿದರೆ ನಾಳೆ ನನ್ನ ವಾದಕ್ಕೆ ಏನು ಬೆಲೆ ಅನ್ನಿಸಿತು. ಅಳಿಸಿ ಕಳಿಸಿದೆ.

ನಾಲ್ಕನೆಯ ದಿನ ಡಬ್ಬಿ ತಿರುಗಿ ಬಂತು. ಕ್ಲಾರ್ನೆಟ್ ಇದ್ದ ಎಂಟು ಬೀಟಿನಲ್ಲಿ ಅವನು ಡ್ರಮ್ಮು, ಬೇಸು, ಮಗ್ಗ, ಎಲ್ಲವನ್ನೂ ತೆಗೆದಿದ್ದ. ಹಾಕುವುದೊಂದೇ ಗೊತ್ತಿದ್ದವನು ಅವತ್ತು ಮೊದಲ ಸಲ ತೆಗೆದದ್ದು. ಖುಷಿಯಾಗಿ ಫೋನ್ ಮಾಡಿ, ಕಲತಿ ನೋಡು ಅಂದೆ. ಹೂಂ ಅಂದ.

ರಾಮದುರ್ಗದ ನೇಕಾರರ ಮನೆಯ ರ‍್ಯಾಪರ್ ಒಬ್ಬ ಅದರ ಮೇಲೆ ಹಾಡಿದ, ಟ್ರ್ಯಾಕ್ ಓಡಿತು. ಕಾಲೇಜು ಗ್ಯಾದರಿಂಗುಗಳಲ್ಲಿ ಆ ಖಾಲಿ ಬಂದಾಗ ಇಡೀ ಮೈದಾನ ಬಾಯಿ ಮುಚ್ಚಿ ನಿಲ್ಲುತ್ತಿತ್ತು. ಮುಂದೆ ಬಂದ ರ‍್ಯಾಪರುಗಳೆಲ್ಲ, ಅಣ್ಣಾ ಆ ಖಾಲಿ ನಂಗೂ ಹಾಕ್ರಿ ಅಂದರು. ಮೂರ್ನಾಲ್ಕು ವರ್ಷ ಹಾಕಿದೆವು, ಅಳೆದು, ಎಂಟೆಂಟು ಬೀಟು. ಅಲ್ಲೆಲ್ಲ ಈಗಲೂ ಏನೂ ಇಲ್ಲ, ಮೊದಲೂ ಏನೂ ಇರಲಿಲ್ಲ. ಕೇಳುವವರಿಗೆ ಅದು ಹೇಗೋ ತಿಳಿಯುತ್ತದೆ. ಕರೆ ಕಡಿಮೆಯಾದವು. ನಾವು ಜಗಳಾಡಿ ದೂರಾಗಲಿಲ್ಲ. ಡಬ್ಬಿ ಕಳಿಸಲು ಇಬ್ಬರಿಗೂ ಬೇಸರ, ಅಷ್ಟೇ. ಈಗ ನಾನು ಕೋಚಿಂಗ್ ಕ್ಲಾಸಿನಲ್ಲಿ ಪಾಠ ಹೇಳುತ್ತೇನೆ, ಅವನು ಮೈಕ್‌ಸೆಟ್ಟು ನೋಡಿಕೊಳ್ಳುತ್ತಾನೆ.

ಹೋದ ವಾರ ಸವದತ್ತಿಗೆ ಅವನ ಮನೆಗೆ ಹೋಗಿದ್ದೆ. ಅವನ ತಂದೆ ನನಗೆ ಚಾಚಾ. ಚಾಚಾನ ಮುಂದಿನ ಹಲ್ಲು ಪೂರಾ ಹೋಗಿವೆ. ಕಟ್ಟಿಸಿದ ಹಲ್ಲು ಊದುವಾಗ ಜಾರುತ್ತದಂತೆ. ಕ್ಲಾರ್ನೆಟ್ಟು ಮೊಳೆಗೆ ತೂಗುಬಿದ್ದಿತ್ತು. ಬಾರೋ ವಕೀಲಾ ಅಂದರು. ನನ್ನನ್ನು ಕರೆಯುವುದೇ ಹಾಗೆ. ಚಹಾ ಕುಡಿದ ಮೇಲೆ ಮಗನ ಕಡೆ ತಿರುಗಿದರು.

"ನಿಮ್ಮ ಹಾಡಿನ್ಯಾಗ ನಂದೂ ಒಂದಿಷ್ಟ ಹಾಕೇನಿ ಅಂದಿದ್ದಿಯಲ್ಲ, ಕೇಳಸು. ಮೂವತ್ತ ವರ್ಷ ಊದೇನಿ, ಒಂದರಾಗೂ ನಂದಿಲ್ಲ. ಮದವಿ ವಿಡಿಯೋದಾಗ ನಾವು ಊದೂದು ಕಾಣತೈತಿ, ಮ್ಯಾಲೆ ಸಿನಿಮಾ ಹಾಡು ಹಚ್ಚಿರತಾರ."

ಅವನು ನನ್ನ ಮುಖ ನೋಡಲಿಲ್ಲ. ಫೋನ್ ತೆಗೆದು ಹಾಡು ಹಚ್ಚಿದ. ಚಾಚಾ ಕಿವಿಯನ್ನು ಹತ್ತಿರ ತಂದರು. ಎಲ್ಲಿ, ಅಂದರು. ಬರತೈತಿ ತಡೀರಿ, ಅಂದ. ಖಾಲಿ ಬಂತು, ಹೋಯಿತು. ರ‍್ಯಾಪ್ ಮತ್ತೆ ಶುರುವಾಯಿತು, ಮುಗಿಯಿತು. ಯಾವ ವಿಷಯ ಕೊಟ್ಟರೂ ಐದು ನಿಮಿಷ ಮಾತಾಡುವ ನಾನು ಚಹಾದ ಕಪ್ಪು ನೋಡುತ್ತ ಕೂತಿದ್ದೆ.

"ಫೋನಿನ ಸ್ಪೀಕರ್ ಸಣ್ಣದೈತಿ," ಅಂದರು ಚಾಚಾ. "ಕ್ಲಾರ್ನೆಟ್ ಇದರಾಗ ಹಿಡಿಯಂಗಿಲ್ಲ. ಐತವಾರ ದೊಡ್ಡ ಸೆಟ್ ಹಚ್ಚು. ಬ್ಯಾಂಡಿನವರಿಗೂ ಬರಾಕ ಹೇಳತೇನಿ."

"ಹಚ್ಚತೇನಬ್ಬಾ," ಅಂದ.

ಬಸ್‌ಸ್ಟ್ಯಾಂಡಿನ ತನಕ ನನ್ನ ಜೊತೆ ನಡೆದು ಬಂದ. ಬೈಲಹೊಂಗಲದ ಬಸ್ಸು ಆಗಲೇ ನಿಂತಿತ್ತು. ಇಷ್ಟು ವರ್ಷದಲ್ಲಿ ಆ ಕ್ಲಾರ್ನೆಟ್ಟಿನ ಮಾತು ಅವನೂ ತೆಗೆಯಲಿಲ್ಲ, ನಾನೂ ತೆಗೆಯಲಿಲ್ಲ. ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ತಿರುಗಿ ನೋಡಿದೆ. ಅವನು ಬಸ್ಸಿನ ಬೋರ್ಡು ಓದುತ್ತಿದ್ದ. ನಕಲು ಇಡಬಾರದೆಂಬ ಆ ನಿಯಮದ ವಾದದಲ್ಲಿ ನಾನು ಸೋತಿದ್ದರೆ ಸಾಕು, ಇದೊಂದೇ ನನಗೆ ಬೇಕಾಗಿದ್ದದ್ದು.

"ಅವತ್ತ ನೀ ಸುಮ್ಮನಾದದ್ದು ಒಪ್ಪಿ ಅಲ್ಲ, ಹೌದಲ್ಲ? ಒಂದ ನಕಲಾದ್ರೂ ಇಟ್ಟಿದ್ದಿ, ಹೌದಲ್ಲೋ?"